ಉಳಿದ ಜಾಗದ ಕಥೆಗಾರ

ಮೊದಲು ನೀರು. ಆಮೇಲೆ ಕರೆಂಟು. ಆಮೇಲೆ ಯಾರಾದರೂ ತೀರಿಕೊಂಡಿದ್ದರೆ ಅವರ ಹೆಸರು, ಯಾರದಾದರೂ ನಾಯಿ ಕಳೆದಿದ್ದರೆ ಅದರ ಬಣ್ಣ. ಇಷ್ಟೂ ಮುಗಿದ ಮೇಲೆ ಹಲಗೆಯ ಕೆಳಗೆ ಎಷ್ಟು ಜಾಗ ಉಳಿಯುತ್ತದೋ ಅಷ್ಟರಲ್ಲಿ ಒಂದು ಪತ್ತೇದಾರಿ ಕಥೆ. ಏಕನಾಥ ಬಾಳಿಗರ ಬೆಳಗು ದಿನವೂ ಇದೇ ಕ್ರಮದಲ್ಲಿ ಆಗುತ್ತದೆ.

ಈಗ ಐದೂವರೆ ಗಂಟೆ. ದಿಲ್ಲಿಯ ಜನಕಪುರಿಯ ಈ ಬ್ಲಾಕಿನ ಪಾರ್ಕಿನ ಗೇಟಿಗೆ ತಾಗಿಕೊಂಡು ಹಾಲಿನ ಬೂತು ಇದೆ. ಬೂತಿನ ಗೋಡೆಗೆ ಬಾಗಿಲಿನಷ್ಟು ದೊಡ್ಡ ಹಸಿರು ಹಲಗೆ ಹೊಡೆದಿದ್ದಾರೆ. ಬಾಳಿಗರು ಒದ್ದೆ ಬಟ್ಟೆಯಲ್ಲಿ ನಿನ್ನೆಯ ಸುದ್ದಿಯನ್ನೆಲ್ಲ ಒರೆಸಿ, ಕಬ್ಬಿಣದ ಸ್ಟೂಲು ಎಳೆದು, ಅದರ ಮೇಲೆ ಹತ್ತುತ್ತಾರೆ. ಅವರಿಗೆ ಎಂಬತ್ತನಾಲ್ಕು. ಸ್ಟೂಲಿನ ಒಂದು ಕಾಲು ಗಿಡ್ಡ. ನನಗೋ ಜೀವ ಬಾಯಿಗೆ ಬಂದು, ಓಡಿಹೋಗಿ ಸ್ಟೂಲು ಹಿಡಿಯಲು ನೋಡುತ್ತೇನೆ.

"ಹಿಡಿಯಬೇಡ ಮಾರಾಯ್ತಿ, ನೀನು ಹಿಡಿದರೆ ನನಗೆ ಬೀಳುವ ನೆನಪಾಗ್ತದೆ," ಎಂದು ಮೇಲಿನಿಂದಲೇ ಗದರುತ್ತಾರೆ.

ನಾನಿರುವ ಘಾಜಿಯಾಬಾದಿನಿಂದ ಈ ಹೊತ್ತಿಗೆ ಇಲ್ಲಿಗೆ ತಲುಪಿಸುವ ರೈಲಾಗಲೀ ಮೆಟ್ರೋ ಆಗಲೀ ಇಲ್ಲ. ಹಾಗಾಗಿ ಈ ಹಲಗೆ ಬರೆಯುವುದನ್ನು ನೋಡಲೆಂದು ನಾನು ಹಿಂದಿನ ಸಂಜೆಯೇ ಬಂದು ಬಾಳಿಗರ ಮನೆಯ ಸೋಫಾದ ಮೇಲೆ ಮಲಗಿದ್ದೆ. ಹಾಗೆ ಮಲಗಿದ್ದಕ್ಕೆ ಸಾರ್ಥಕವಾಯಿತು ಬಿಡಿ. ಹಿಂದಿ ಅಕ್ಷರಗಳು ಇಷ್ಟು ದುಂಡಗೆ, ಹೊಟ್ಟೆ ತುಂಬಾ ಉಂಡವರ ಹಾಗೆ ಇರುವುದನ್ನು ನಾನು ದಿಲ್ಲಿಯಲ್ಲಿ ಬೇರೆಲ್ಲೂ ನೋಡಿಲ್ಲ. ಕನ್ನಡದ ಕೈ ಬರೆದ ಹಿಂದಿ ಅದು. ಇವತ್ತು ನೀರು ಆರರಿಂದ ಏಳರವರೆಗೆ. ಮಧ್ಯಾಹ್ನ ಎರಡು ಗಂಟೆ ಕರೆಂಟು ಇಲ್ಲ. ಮೂಲೆಮನೆಯ ಕಂದು ನಾಯಿ ಸಿಕ್ಕಿದೆ, ಯಾರೂ ಹುಡುಕಬೇಡಿ. ಕೆಳಗೆ ಉಳಿದದ್ದು ನಾಲ್ಕು ಸಾಲಿನ ಜಾಗ. ಅಲ್ಲಿ ಅವರ ಪತ್ತೇದಾರ, ಅಂಚೆಯವನು ರಾಮದೀನ್, ಒಂದು ಬಂಗಲೆಯ ಹಿತ್ತಲಿಗೆ ಬಂದು, ಅಲ್ಲಿ ಬಿದ್ದಿದ್ದ ಒಂಟಿ ಚಪ್ಪಲಿಯನ್ನು ನೋಡುತ್ತಾನೆ. ಜಾಗ ಮುಗಿಯಿತು. ಇವತ್ತಿಗೆ ಅಷ್ಟೇ.

ಹಾಲಿನ ಪಾತ್ರೆ ಹಿಡಿದವರು ಬಂದು ನೀರಿನ ಹೊತ್ತು ನೋಡುತ್ತಾರೆ. ಆಮೇಲೆ ಕಣ್ಣು ಕೆಳಗಿಳಿಸಿ ಚಪ್ಪಲಿಯ ಬಳಿ ನಿಲ್ಲುತ್ತಾರೆ. "ಬಸ್? ಇಷ್ಟೇನಾ?" ಎಂದು ಒಬ್ಬ ನಿವೃತ್ತ ಕರ್ನಲ್ ಸಾಹೇಬರು ಹಲಗೆಗೇ ಬೈಯುತ್ತಾರೆ.

"ಇಷ್ಟೇ ಆದರೆ ಒಳ್ಳೆಯದು," ಎಂದು ಬಾಳಿಗರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳುತ್ತಾರೆ. "ಕಥೆ ಸಣ್ಣದಾದರೆ ಊರು ಸುಖವಾಗಿ ಉಂಟು ಅಂತ ಅರ್ಥ. ಉದ್ದ ಆದ ದಿನ ನೋಡಬೇಕು ನೀನು."

ಇದೇನು ಒಗಟು ಎಂದು ನಾನೂ ಕಣ್ಣು ಬಿಟ್ಟೆ. ಆಮೇಲೆ ತಿಳಿಯಿತು. ಹಲಗೆ ಬ್ಲಾಕಿನ ನಿವಾಸಿಗಳ ಸಂಘದ್ದು. ಮರುದಿನದ ಸುದ್ದಿಯನ್ನು ಬಾಳಿಗರು ಸಂಜೆಯೇ ಒಂದು ಚೀಟಿಯಲ್ಲಿ ಗೀಚಿ ಸಂಘದ ಕಾರ್ಯದರ್ಶಿ ಗುಲಾಟಿ ಸಾಹೇಬರಿಗೆ ತೋರಿಸಬೇಕು. ಗುಲಾಟಿಯವರು ಒಳ್ಳೆಯ ಮನುಷ್ಯ, ಹಬ್ಬಕ್ಕೆ ಮಿಠಾಯಿ ಕಳಿಸುತ್ತಾರೆ. ಆದರೆ ನೀರಿನ ಟ್ಯಾಂಕರು ಯಾರ ಮನೆ ಮುಂದೆ ಹೆಚ್ಚು ಹೊತ್ತು ನಿಂತಿತ್ತು ಎಂಬಂಥ ಸುದ್ದಿ ಬಂದರೆ ಪೆನ್ನು ತೆಗೆದು ಗೀಟು ಎಳೆಯುತ್ತಾರೆ. "ಬಾಳಿಗಾಜಿ, ಯೇ ನಹೀ. ಸುಮ್ಮನೆ ಜಗಳ." ಅಚ್ಛಾ, ಎಂದು ಬಾಳಿಗರು ತಲೆಯಾಡಿಸುತ್ತಾರೆ. ಮರುದಿನ ಆ ಜಾಗದಲ್ಲಿ ರಾಮದೀನ್ ಹತ್ತು ಸಾಲು ಹೆಚ್ಚು ಓಡಾಡುತ್ತಾನೆ.

ಇಪ್ಪತ್ತೈದು ವರ್ಷದಿಂದ ಹೀಗೇ ನಡೆದಿದೆ. ಹಾಲಿಗೆ ಬರುವವರಿಗೆ ಇದು ಗೊತ್ತಾಗಿಬಿಟ್ಟಿದೆ. ಕಥೆ ಉದ್ದವಾಗಿದ್ದರೆ ಅವರು ಅದನ್ನು ಪೂರ್ತಿ ಓದಿ, ಸೀದಾ ಗುಲಾಟಿಯವರ ಮನೆಗೆ ನಡೆಯುತ್ತಾರೆ. "ಏನು ಹೊಡೆದುಹಾಕಿದಿರಿ?" ಎಂದು ಕೇಳುತ್ತಾರೆ.

ನಾನು ಬಾಯಿ ಮುಚ್ಚಿಕೊಂಡು ನಕ್ಕೆ. ಬಾಳಿಗರು ಮಾತ್ರ ಮುಗ್ಧರ ಮುಖ ಮಾಡಿಕೊಂಡು ಸೀಮೆಸುಣ್ಣದ ಪುಡಿ ಕೊಡವುತ್ತಾರೆ. "ನಾನು ಎಂತ ಮಾಡುದು? ಖಾಲಿ ಬಿಡ್ಲಿಕ್ಕೆ ಆಗ್ತದಾ? ಜಾಗ ಉಂಟು, ತುಂಬಿಸಬೇಕು. ನಾನು ಕಲಿತ ಕೆಲಸ ಅದೊಂದೇ."

ಕಲಿತದ್ದು ಮಂಗಳೂರಿನಲ್ಲಿ, ಬ್ರಿಟಿಷರ ಕಾಲದಲ್ಲಿ. ಬಂದರಿನ ಹತ್ತಿರದ ಓಣಿಯೊಂದರಲ್ಲಿ 'ನೇತ್ರಾವತಿ ಸಮಾಚಾರ' ಎಂಬ ವಾರಪತ್ರಿಕೆ ನಡೆಯುತ್ತಿತ್ತು. ಸಂಪಾದಕರು ಒಬ್ಬರು, ಅಚ್ಚಿನ ಮೊಳೆ ಜೋಡಿಸುವ ಮೋನಪ್ಪ ಒಬ್ಬ, ಉಳಿದ ಕೆಲಸಕ್ಕೆಲ್ಲ ಹತ್ತೊಂಬತ್ತು ವರ್ಷದ ಏಕನಾಥ. ಕೋರ್ಟಿನ ಸುದ್ದಿ, ಅಕ್ಕಿಯ ಧಾರಣೆ, ಮಚವೆ ದೋಣಿ ಮುಳುಗಿದ ವರದಿ, ಎಲ್ಲ ಅವರದೇ. ಯುದ್ಧ ಶುರುವಾಗಿತ್ತು. ಅಚ್ಚಿಗೆ ಹೋಗುವ ಮೊದಲು ಪುಟಗಳ ಕರಡನ್ನು ಒಬ್ಬ ಅಧಿಕಾರಿಗೆ ತೋರಿಸಬೇಕಿತ್ತು. ಅವನು ಬೇಡವೆಂದ ಸುದ್ದಿ ಕಿತ್ತು ಬರುತ್ತಿತ್ತು. ಕಿತ್ತ ಜಾಗ ಖಾಲಿ ಬಿಡುವ ಹಾಗೂ ಇರಲಿಲ್ಲ, ಬಿಟ್ಟರೆ ಓದುವವರಿಗೆ ತಿಳಿದುಬಿಡುತ್ತದಲ್ಲ!

"ಸಂಪಾದಕರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಒಂದು ಕಾಲಂ ಪೂರಾ ಖಾಲಿ. ನಾನು ಮೋನಪ್ಪನ ಪಕ್ಕ ನಿಂತೆ. ನಾನು ಹೇಳ್ತಾ ಹೋಗ್ತೇನೆ, ನೀನು ಜೋಡಿಸ್ತಾ ಹೋಗು ಅಂದೆ. ಕಾಗದ ಇಲ್ಲ, ಪೆನ್ಸಿಲ್ ಇಲ್ಲ. ಬಾಯಿಂದ ಸೀದಾ ಮೊಳೆಗೆ. ಮೋನಪ್ಪ ನಿಲ್ಲು ಅಂದಾಗ ನಿಲ್ಲಿಸೋದು."

ಹಾಗೆ ಹುಟ್ಟಿದವನು ಅಂಚೆಯ ಐತಪ್ಪ. ಊರಿನ ಎಲ್ಲ ಮನೆಯ ಜಗಲಿಗೂ ಹೋಗಬಲ್ಲವನು, ಯಾರೂ ಅನುಮಾನಿಸದವನು. ಮುಖ್ಯವಾದ ಮಾತು ಹೇಳುವ ಮುಂಚೆ "ಮೊದಲು ಒಂದು ಲೋಟ ಮಜ್ಜಿಗೆ" ಎಂದು ಕೇಳುವುದು ಅವನ ಅಭ್ಯಾಸ. ಹೆಂಗಸರು ಓದಲಿ ಎಂದು ಸಂಪಾದಕರು ಕಥೆಯ ಮೇಲೆ 'ಸೌ. ಕೇತಕಿ' ಎಂದು ಹೆಸರು ಹಾಕಿಸಿದರು. ಹತ್ತೊಂಬತ್ತರ ಬ್ರಹ್ಮಚಾರಿ ಹುಡುಗ ಒಂದೇ ವಾರದಲ್ಲಿ ಸೌಭಾಗ್ಯವತಿಯಾದ! ಕೇತಕಿಗೆ ಓದುಗರಿಂದ ಅರಿಶಿನ ಕುಂಕುಮದ ಪೊಟ್ಟಣ ಬರುತ್ತಿತ್ತಂತೆ. ಸುದ್ದಿ ಹೆಚ್ಚು ಕಿತ್ತುಹೋದ ವಾರ ಕಥೆ ಎರಡು ಕಾಲಂ, ಕಡಿಮೆ ಕಿತ್ತ ವಾರ ಅರ್ಧ ಕಾಲಂ. ಜನರಿಗೆ ಇದೂ ಗೊತ್ತಾಯಿತು. ಕಥೆ ಉದ್ದ ಬಂದ ವಾರ ಪುತ್ತೂರು, ಕಾರ್ಕಳದವರೆಲ್ಲ ಬಸ್ಸಿನಲ್ಲಿ ಬಂದವರನ್ನು ಹಿಡಿದು ಕೇಳುತ್ತಿದ್ದರು, ಮಂಗಳೂರಲ್ಲಿ ಏನಾಯಿತು ಎಂದು.

ಆ ಧಾರಾವಾಹಿಯ ಕಥೆ ಸರಳ. ಬಂದರಿನ ಬಂಗಲೆಯೊಂದರಲ್ಲಿ ಮದುವೆ. ಮನೆಯ ಹಿರಿಯಳು ದೊಡ್ಡಮ್ಮ. ಮದುವೆಯ ದಿನ ಅವಳ ಕೆಂಪು ಹರಳಿನ ಉಂಗುರ ಮಾಯವಾಗುತ್ತದೆ. ಅನುಮಾನ ವಕೀಲ ಅಳಿಯನ ಮೇಲೆ, ಅಡುಗೆ ಭಟ್ಟನ ಮೇಲೆ, ಗುಮಾಸ್ತನ ಮೇಲೆ, ಸಂಗೀತದ ಮೇಷ್ಟ್ರ ಮೇಲೆ. ಕೊನೆಗೆ ಐತಪ್ಪ ಎಲ್ಲರನ್ನೂ ಚಾವಡಿಯಲ್ಲಿ ಕೂರಿಸಿ, ಮಜ್ಜಿಗೆ ಕುಡಿದು, "ಕಳ್ಳ ಈ ಚಾವಡಿಯಲ್ಲೇ ಇದ್ದಾನೆ" ಎನ್ನುತ್ತಾನೆ. ಅಲ್ಲಿಗೆ ಮೋನಪ್ಪ ನಿಲ್ಲು ಎಂದ. ಅದು ನಲವತ್ತೆರಡರ ಆಗಸ್ಟ್ ತಿಂಗಳು. ಮುಂದಿನ ವಾರ ಪೊಲೀಸರು ಬಂದು ಅಚ್ಚುಕೂಟಕ್ಕೆ ಬೀಗ ಜಡಿದರು. ಸಂಪಾದಕರು ಜೈಲಿಗೆ ಹೋದರು. ಏಕನಾಥರಿಗೆ ಎರಡು ಪೆಟ್ಟು ಬಿತ್ತು, "ಹುಡುಗ, ಮನೆಗೆ ಹೋಗು" ಎಂದರು. ಬೀಗ ಮತ್ತೆ ತೆಗೆಯಲೇ ಇಲ್ಲ.

"ಹಾಗಾದರೆ ಕಳ್ಳ ಯಾರು ಬಾಳಿಗರೇ?" ಎಂದು ನಾನು ಸಹಜವಾಗಿ ಕೇಳಿದೆ.

"ನನಗೆ ಹೇಗೆ ಗೊತ್ತು?"

"ಅಯ್ಯೋ, ಬರೆದವರು ನೀವಲ್ಲವೇ!"

"ಬರೆದದ್ದು ನಾನೇ. ಆದರೆ ಮುಂದಿನ ವಾರ ಎಷ್ಟು ಜಾಗ ಸಿಗ್ತದೆ ಅಂತ ನೋಡಿ ಕಳ್ಳನನ್ನು ಮಾಡುವಾ ಅಂತ ಇದ್ದೆ. ಸಣ್ಣ ಜಾಗ ಆದರೆ ಭಟ್ಟ. ದೊಡ್ಡದಾದರೆ ವಕೀಲ, ಅವನಿಗೆ ಮಾತು ಜಾಸ್ತಿ."

ಹೀಗೂ ಉಂಟೇ! ಮರುವರ್ಷ ಅವರು ಸೋದರಮಾವನ ಕೈ ಹಿಡಿದು ದಿಲ್ಲಿಗೆ ಬಂದರು. ಸರ್ಕಾರಿ ಕಚೇರಿಯೊಂದರಲ್ಲಿ ಅನುವಾದಕರಾದರು. ಮದುವೆ, ಮಗಳು ವೈಜಯಂತಿ, ಬಾಡಿಗೆ ಮನೆಗಳು, ಕಡೆಗೆ ಜನಕಪುರಿಯ ಈ ಎರಡು ಕೋಣೆಯ ಫ್ಲಾಟು. ಮೂವತ್ತೇಳು ವರ್ಷ ಯಾರೋ ಬರೆದ ಸುತ್ತೋಲೆಗಳನ್ನು ಇನ್ನೊಂದು ಭಾಷೆಗೆ ದಾಟಿಸಿದರು. ಸ್ವಂತದ ಒಂದು ಸಾಲು ಬರೆಯಲಿಲ್ಲ. ನಿವೃತ್ತಿಯಾದ ಮರುವರ್ಷ ಬೇಸಿಗೆಯಲ್ಲಿ ನೀರು ಯಾವಾಗ ಬರುತ್ತದೆಂದು ತಿಳಿಯದೆ ಇಡೀ ಬ್ಲಾಕು ಬಕೆಟ್ಟು ಹಿಡಿದು ಕಾಯುತ್ತಿದ್ದಾಗ, ಸಂಘದವರನ್ನು ಕೇಳಿ ಈ ಹಲಗೆ ಹಾಕಿಸಿದರು. ಮೊದಲ ದಿನ ನೀರಿನ ಸುದ್ದಿ ಬರೆದ ಮೇಲೆ ಕೆಳಗೆ ಜಾಗ ಉಳಿಯಿತು. ಅಷ್ಟು ಸಾಕಾಯಿತು ನಮ್ಮ ಸೌಭಾಗ್ಯವತಿಗೆ.

ಹೆಂಡತಿ ತೀರಿಕೊಂಡು ಎಂಟು ವರ್ಷವಾಯಿತು. ಆ ಮರುದಿನವೂ ಹಲಗೆ ಬರೆದರಂತೆ. "ನೀರು ಬಂದಿತ್ತಲ್ಲ," ಎನ್ನುತ್ತಾರೆ. ಮಗಳು ವೈಜಯಂತಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ, ತಂದೆಯನ್ನು ನೋಡಿಕೊಳ್ಳಲು ಇಲ್ಲೇ ಇದ್ದಾರೆ. "ಅಪ್ಪನಿಗೆ ಜ್ವರ ಬಂದರೂ ಹಲಗೆ ತಪ್ಪೋದಿಲ್ಲ. ಒಂದೇ ಒಂದು ಸಂಚಿಕೆ ತಪ್ಪಿದೆ, ಅದು ಬ್ರಿಟಿಷರಿಂದ ಅಂತ ಎಲ್ಲರಿಗೂ ಹೇಳ್ತಾರೆ," ಎಂದು ನನಗೆ ಚಹಾ ಕೊಡುತ್ತ ನಗುತ್ತಾರೆ. ನಗುವುದೇನೋ ಸರಿ. ಆದರೆ ಆ ತಪ್ಪಿದ ಸಂಚಿಕೆಯನ್ನು ಒಬ್ಬರು ಅರವತ್ತನಾಲ್ಕು ವರ್ಷದಿಂದ ಕಾಯುತ್ತ ಕೂತಿದ್ದಾರೆಂದು ಅಪ್ಪನಿಗೂ ಗೊತ್ತಿರಲಿಲ್ಲ, ಮಗಳಿಗೂ ಗೊತ್ತಿರಲಿಲ್ಲ.

ಅವರು ಶಾಂತಮ್ಮ. ವಯಸ್ಸು ಎಪ್ಪತ್ತಾರು, ಊರು ಪುತ್ತೂರು. ಮಗ ಜಗನ್ನಾಥ ಕೇಂದ್ರ ಸರ್ಕಾರದ ಅಧಿಕಾರಿ, ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ ವಾಸ. ಈ ವರ್ಷದ ಫೆಬ್ರವರಿಯಲ್ಲಿ ಶಾಂತಮ್ಮ ಯಾರದೋ ಮನೆಯ ಪೂಜೆಗೆಂದು ಜನಕಪುರಿಗೆ ಬಂದವರು, ಮೊಮ್ಮಗಳು ಸ್ಫೂರ್ತಿಯ ಜೊತೆ ಈ ಬೂತಿನ ಮುಂದೆ ಆಟೋಗೆ ಕಾಯುತ್ತ ನಿಂತರು. ಮೂವತ್ತು ವರ್ಷ ದಿಲ್ಲಿಯಲ್ಲಿದ್ದು ಕಲಿತ ಹಿಂದಿಯಲ್ಲಿ ಅಕ್ಷರ ಅಕ್ಷರ ಕೂಡಿಸಿ ಹಲಗೆ ಓದಿದರು. ಅಂಚೆಯವನು ರಾಮದೀನ್ ಹೇಳುತ್ತಿದ್ದ, ಪೆಹಲೇ ಏಕ್ ಗಿಲಾಸ್ ಛಾಛ್. ಮೊದಲು ಒಂದು ಲೋಟ ಮಜ್ಜಿಗೆ.

"ನನಗೆ ಮೈಯೆಲ್ಲ ಜುಂ ಅಂತು," ಎನ್ನುತ್ತಾರೆ ಶಾಂತಮ್ಮ. "ಇದು ನಮ್ಮ ಐತಪ್ಪ! ಇವ ಇಲ್ಲಿ ಎಂತ ಮಾಡ್ತಾ ಇದ್ದಾನೆ, ಹಿಂದಿ ಬೇರೆ ಮಾತಾಡ್ತಾನೆ!"

ಬೂತಿನ ಭಯ್ಯಾ ಪಾರ್ಕಿನೊಳಗೆ ಬೆಂಚಿನ ಮೇಲೆ ಕೂತಿದ್ದ ಬಾಳಿಗರನ್ನು ತೋರಿಸಿದ. ಶಾಂತಮ್ಮ ಹೋಗಿ ಎದುರು ನಿಂತು ಕನ್ನಡದಲ್ಲೇ ಕೇಳಿದರು, "ಕೇತಕಿ ನಿಮ್ಮ ತಾಯಿಯಾ?"

ಬಾಳಿಗರು ಎದ್ದು ನಿಂತರು. ಆ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಿ ಅರವತ್ತು ವರ್ಷದ ಮೇಲಾಗಿತ್ತು. "ಅಲ್ಲ," ಎಂದರು. "ನಾನೇ ಕೇತಕಿ."

ಶಾಂತಮ್ಮ ಮೊದಲು ಕೈ ಮುಗಿದರು, ಆಮೇಲೆ ಚೆನ್ನಾಗಿ ಬೈದರು. ಇಷ್ಟು ವರ್ಷ ಮನಸ್ಸಿನಲ್ಲಿ ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದಿದ್ದ ಕೇತಕಿ ಹೀಗೆ ಮಫ್ಲರು ಸುತ್ತಿಕೊಂಡ ಬೊಕ್ಕತಲೆಯ ಗಂಡಸು ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಬೈದು ಮುಗಿಸಿ, ಕೇಳಬೇಕಾದ್ದನ್ನು ಕೇಳಿದರು. "ಉಂಗುರ ಕದ್ದದ್ದು ಯಾರು?"

ಈ ಪ್ರಶ್ನೆಯ ಹಿಂದೆ ಒಂದು ಬೆಳ್ಳಿಯ ಕುಂಕುಮ ಭರಣಿ ಇದೆ. ನಲವತ್ತೆರಡರಲ್ಲಿ ಶಾಂತಮ್ಮನಿಗೆ ಹನ್ನೆರಡು, ಅಕ್ಕ ಶಾರದಾಗೆ ಹದಿನೈದು. ಪುತ್ತೂರಿನ ಮನೆಯಲ್ಲಿ ಇಬ್ಬರೂ ಪತ್ರಿಕೆಯನ್ನು ಕಿತ್ತಾಡಿಕೊಂಡು ಓದುತ್ತಿದ್ದರು. ಅಮ್ಮನ ಬೆಳ್ಳಿ ಭರಣಿಯ ಮೇಲೆ ಇಬ್ಬರಿಗೂ ಕಣ್ಣು. ಕದ್ದವನು ವಕೀಲ ಅಳಿಯ ಎಂದು ಅಕ್ಕ, ದೊಡ್ಡಮ್ಮ ತಾನೇ ಬಚ್ಚಿಟ್ಟಿದ್ದಾಳೆ ಎಂದು ತಂಗಿ. ಯಾರ ಮಾತು ನಿಜವಾಗುತ್ತದೋ ಅವರಿಗೆ ಭರಣಿ ಎಂದು ಅಮ್ಮನ ಎದುರಿಗೇ ಪಂಥ ಕಟ್ಟಿದರು. ಅಷ್ಟರಲ್ಲಿ ಪತ್ರಿಕೆಯೇ ನಿಂತಿತು. ಭರಣಿ ಅಕ್ಕನ ಮನೆಯಲ್ಲಿ ಉಳಿಯಿತು. ಆದರೆ ಒಂದು ಸಲವೂ ಅಕ್ಕ ಅದರಿಂದ ಕುಂಕುಮ ಇಟ್ಟುಕೊಂಡಿಲ್ಲ. ತೀರ್ಪು ಬಂದಿಲ್ಲವಲ್ಲ! ನನಗೆ ಇಲ್ಲೇ ಕಣ್ಣು ತುಂಬಿ ಬಂತು. ಎಂಥ ಹಟ, ಎಂಥ ನ್ಯಾಯ.

ಜಗನ್ನಾಥ ನಿವೃತ್ತರಾಗಿದ್ದಾರೆ. ಏಪ್ರಿಲ್ ಕೊನೆಗೆ ಕ್ವಾರ್ಟರ್ಸ್ ಬಿಡಬೇಕು. ಮೇ ತಿಂಗಳ ಮೊದಲ ವಾರ ಪುತ್ತೂರಿಗೆ, ಅಕ್ಕನ ಮನೆಯ ಪಕ್ಕದ ಮನೆಗೆ. "ಇಷ್ಟು ವರ್ಷ ದೂರ ಇದ್ದೆ, ನಡೀತು. ಇನ್ನು ದಿನಾ ಬೆಳಿಗ್ಗೆ ಎದ್ದರೆ ಅವಳ ಮುಖ. ಬರಿಗೈಲಿ ಹೋಗ್ಲಾ? ಬರೆದವರೇ ಸಿಕ್ಕಿದ್ದರು, ಕೇಳಿ ಬರ್ಲಿಲ್ಲ ಅಂದರೆ ಅವಳು ನನ್ನನ್ನು ಬಿಡ್ತಾಳಾ?" ಎಂದು ಶಾಂತಮ್ಮ ನನ್ನನ್ನೇ ಕೇಳುತ್ತಾರೆ. "ಅಜ್ಜಿ, ಇಟ್ಸ್ ಜಸ್ಟ್ ಎ ಸ್ಟೋರಿ ಯಾರ್," ಎಂದು ಸ್ಫೂರ್ತಿ ಹೇಳಿದ್ದಕ್ಕೆ ಅವಳಿಗೆ ಎರಡು ದಿನ ದೋಸೆ ಸಿಕ್ಕಿಲ್ಲ.

ಯಾವನೋ ಒಬ್ಬನನ್ನು ಕಳ್ಳನೆಂದು ಹೇಳಿ ಮುಗಿಸಬಾರದೇ ಎಂದು ನಾನು ಬಾಳಿಗರಿಗೆ ಹೇಳಿನೋಡಿದೆ. ಅವರೂ ಹಾಗೇ ಅಂದುಕೊಂಡಿದ್ದರು. ಫೋನಿನಲ್ಲಿ "ಅಡುಗೆ ಭಟ್ಟ" ಎಂದರು. ಆ ಕಡೆಯಿಂದ ಬಂತು ಉತ್ತರ. "ಅದು ಹೇಗೆ ಬಾಳಿಗರೇ? ಅವ ಹಿಂದಿನ ದಿನವೇ ತಮ್ಮನಿಗೆ ಹುಷಾರಿಲ್ಲ ಅಂತ ಉಪ್ಪಿನಂಗಡಿಗೆ ಹೋಗಿದ್ದ. ನೀವೇ ಬರೆದದ್ದು." ಒಂದು ವಾರ ಬಿಟ್ಟು ಗುಮಾಸ್ತ ಎಂದರು. ಗುಮಾಸ್ತನಿಗೆ ಅವತ್ತು ಬಲಗೈಗೆ ಪಟ್ಟಿ ಕಟ್ಟಿತ್ತು. ಸಂಗೀತದ ಮೇಷ್ಟ್ರು? ಅವರು ಹಾಡುತ್ತಲೇ ಇದ್ದರು, ಒಂದು ನಿಮಿಷ ನಿಲ್ಲಿಸಿರಲಿಲ್ಲ. ವಕೀಲ ಅಳಿಯ? ಅವನು ಮದುವೆ ಮನೆಗೆ ಬಂದದ್ದೇ ಊಟದ ಹೊತ್ತಿಗೆ, ಅಷ್ಟರಲ್ಲಿ ಉಂಗುರ ಹೋಗಿ ಆಗಿತ್ತು. ವಾರವಾರ ಮೋನಪ್ಪನ ಪಕ್ಕ ನಿಂತು ಬಾಯಿಗೆ ಬಂದದ್ದು ಹೇಳಿದವರಿಗೆ ಒಂದೂ ನೆನಪಿಲ್ಲ. ಹನ್ನೆರಡರ ಹುಡುಗಿ ಒಂದನ್ನೂ ಮರೆತಿಲ್ಲ.

"ಅಂದರೆ ಅಕ್ಕ ಸೋತಳು. ಇನ್ನು ದೊಡ್ಡಮ್ಮನೇ ಉಳಿದದ್ದು," ಎಂದರು ಬಾಳಿಗರು ಒಂದು ದಿನ. "ಬರೆದುಬಿಡ್ತೇನೆ. ಭರಣಿ ನಿಮಗೆ."

ಫೋನಿನ ಆ ಕಡೆಯಿಂದ ಶಾಂತಮ್ಮ ಮೆಲ್ಲಗೆ ಹೇಳಿದರು. "ದೊಡ್ಡಮ್ಮನೂ ಅಲ್ಲ ಬಾಳಿಗರೇ. ಉಂಗುರ ಹೋದ ಹೊತ್ತಿನಲ್ಲಿ ಅವಳು ಎಲ್ಲರ ಎದುರು ಎರಡೂ ಕೈಯಲ್ಲಿ ಆರತಿ ತಟ್ಟೆ ಹಿಡಿದಿದ್ದಳು. ಆರತಿ ಇಳಿಸಿ ನೋಡಿದರೆ ಬೆರಳಲ್ಲಿ ಉಂಗುರ ಇಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು. ಭರಣಿಯ ಆಸೆಗೆ ಗೊತ್ತಿಲ್ಲದ ಹಾಗೆ ಇದ್ದೆ."

ಶಾಂತಮ್ಮನೇ ಮುಂದುವರಿಸಿದರು. "ಅದಿರಲಿ, ನನಗೆ ಇನ್ನೊಂದು ಸಂಶಯ ಉಂಟು. ಆಮೇಲೆ ಒಂದು ವಾರ ನೀವು ಬರೆದಿದ್ದಿರಿ, ಐತಪ್ಪನ ಚೀಲಕ್ಕೆ ಇರುವೆ ಹತ್ತಿತ್ತು, ಅವ ಕೊಡವಿಕೊಂಡು ಹೋದ ಅಂತ. ಆ ಇರುವೆ ಯಾಕೆ?"

ಯಾಕೆಂದರೆ ಅವತ್ತು ಪುಟದಲ್ಲಿ ಎರಡು ಸಾಲು ಕಡಿಮೆ ಬಿದ್ದಿತ್ತು! ಏನಾದರೂ ಹೇಳು ಎಂದು ಮೋನಪ್ಪ ಅವಸರ ಮಾಡಿದ್ದ. ಅವನ ಕಾಲಿಗೆ ಇರುವೆ ಕಚ್ಚಿತ್ತು, ಅದನ್ನೇ ಹೇಳಿದ್ದರು. ಇದನ್ನು ಹೇಳಿ ಬಾಳಿಗರು ನನ್ನ ಮುಂದೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಜಾಗ ತುಂಬಿಸಿದ್ದು ನಾನು. ಅವರು ಅದನ್ನು ಅಷ್ಟು ವರ್ಷ ಜೋಪಾನ ಮಾಡಿ ಇಟ್ಟಿದ್ದಾರೆ. ಇನ್ನು ಅದನ್ನು ಸುಳ್ಳು ಮಾಡ್ಲಿಕ್ಕೆ ಆಗ್ತದಾ ಹೇಳು?"

ಮತ್ತೆ ಅವರ ಸೋಫಾದ ಮೇಲೆ ರಾತ್ರಿ ಮಲಗಿದ್ದು, ಏಪ್ರಿಲಿನ ಕೊನೆಯ ಭಾನುವಾರ ಬೆಳಿಗ್ಗೆ ನಾನು ಅವರ ಹಿಂದೆ ನಡೆದೆ. ಹಲಗೆ ಒರೆಸಿದರು. ಸ್ಟೂಲು ಹತ್ತಿದರು. ನೀರು ಬರೆಯಲಿಲ್ಲ. ಕರೆಂಟು ಬರೆಯಲಿಲ್ಲ. ಹಲಗೆಯ ನೆತ್ತಿಯಲ್ಲಿ ಕನ್ನಡದಲ್ಲಿ 'ಅಂಚೆಯ ಐತಪ್ಪ' ಎಂದು ಬರೆದರು, ಅದರ ಕೆಳಗೆ 'ಸೌ. ಕೇತಕಿ'. ಇಪ್ಪತ್ತೈದು ವರ್ಷದಲ್ಲಿ ಆ ಹಲಗೆ ಕನ್ನಡ ಕಂಡದ್ದು ಅದೇ ಮೊದಲು. ಕೈ ನಿಲ್ಲಲೇ ಇಲ್ಲ. ಸ್ಟೂಲಿನಿಂದ ಇಳಿದು, ಬಗ್ಗಿ, ಕೊನೆಗೆ ನೆಲದ ಮೇಲೆ ಕೂತು, ತಳದ ಅಂಚಿನವರೆಗೂ ಬರೆದರು.

ಆರು ಗಂಟೆಗೆ ಹಾಲಿಗೆ ಬಂದವರು ದಂಗಾಗಿ ನಿಂತರು. ಓದಲು ಯಾರಿಗೂ ಬಾರದು. ಆದರೆ ಒಂದು ವಿಷಯ ಎಲ್ಲರಿಗೂ ಅರ್ಥವಾಯಿತು. ಇಡೀ ಹಲಗೆ ಕಥೆ! ಒಂದೇ ಒಂದು ಸುದ್ದಿಯಿಲ್ಲ! ಕರ್ನಲ್ ಸಾಹೇಬರು ಹಾಲಿನ ಪಾತ್ರೆ ಕೆಳಗಿಟ್ಟು, "ಪೂರಾ ಬೋರ್ಡ್? ಎಂಥಾ ಸುದ್ದಿ ಮುಚ್ಚಿಹಾಕಿದ್ದಾರೆ ಇವರು!" ಎಂದು ಗರ್ಜಿಸಿದರು. ಟ್ರ್ಯಾಕ್ ಸೂಟು ಹಾಕಿಕೊಂಡು ಕೈ ಬೀಸುತ್ತ ವಾಕಿಂಗಿಗೆ ಬಂದ ಗುಲಾಟಿ ಸಾಹೇಬರನ್ನು ಹತ್ತಾರು ಜನ ಮುತ್ತಿಕೊಂಡರು. ನಿಜ ಹೇಳಬೇಕೆಂದರೆ ಪಾಪ, ಹಿಂದಿನ ಸಂಜೆ ಅವರು ಒಂದು ಗೀಟೂ ಎಳೆದಿರಲಿಲ್ಲ. ಹಲಗೆಯನ್ನು ಮೇಲಿನಿಂದ ಕೆಳಗೆ ನೋಡಿ ಅವರ ಮುಖ ಬಿಳಿಚಿಕೊಂಡಿತು. "ಸರಿ, ಸರಿ, ಹೇಳ್ತೀನಿ," ಎಂದುಬಿಟ್ಟರು. ಪಾರ್ಕಿನ ಹಿಂದಿನ ಅರ್ಧವನ್ನು ಮದುವೆ ಟೆಂಟಿನವನಿಗೆ ಇಡೀ ಸೀಸನ್ನಿಗೆ ಕೊಡಲು ಸಂಘ ಒಪ್ಪಿಕೊಂಡಿತ್ತು, ಇನ್ನೂ ಯಾರಿಗೂ ಹೇಳಿರಲಿಲ್ಲ. ಬಾಳಿಗರಿಗೂ ಅದು ಗೊತ್ತಿರಲಿಲ್ಲ! ಮಕ್ಕಳು ಆಡುವುದೆಲ್ಲಿ, ಮುದುಕರು ನಡೆಯುವುದೆಲ್ಲಿ ಎಂದು ಗದ್ದಲವೋ ಗದ್ದಲ. ಎಂಟು ಗಂಟೆಯೊಳಗೆ ಒಪ್ಪಂದ ರದ್ದಾಯಿತು.

ಆ ಗದ್ದಲದ ನಡುವೆ ಆಟೋ ಬಂದು ನಿಂತಿತು. ಬಾಳಿಗರು ಮೊದಲೇ ಹೇಳಿ ಕರೆಸಿದ್ದ ಶಾಂತಮ್ಮ ಇಳಿದರು, ಜೊತೆಗೆ ನಿದ್ದೆಗಣ್ಣಿನ ಸ್ಫೂರ್ತಿ. ಹಲಗೆಯ ತುಂಬ ಕನ್ನಡ ನೋಡಿ ಶಾಂತಮ್ಮ ಹತ್ತಿರ ಬಂದರು. ಆಮೇಲೆ ಕನ್ನಡಕ ಒರೆಸಿಕೊಂಡು, ಶಾಲೆಯ ಹುಡುಗಿಯ ಹಾಗೆ ಗಟ್ಟಿಯಾಗಿ ಓದಿದರು.

ಐತಪ್ಪ ಮಜ್ಜಿಗೆಯ ಲೋಟ ಕೆಳಗಿಟ್ಟ. "ಕಳ್ಳ ಈ ಚಾವಡಿಯಲ್ಲೇ ಇದ್ದಾನೆ. ಅವನ ಹೆಗಲ ಮೇಲೆ ಚೀಲ ಇದೆ," ಎಂದ. ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಚೀಲ ಇದ್ದದ್ದು ಅವನೊಬ್ಬನ ಹೆಗಲಿಗೆ. ಐತಪ್ಪ ಅದನ್ನು ಚಾವಡಿಯ ಮೇಲೆ ಕೊಡವಿದ. ತಳದಿಂದ ಬಾಳೆಲೆಯ ಪೊಟ್ಟಣವೊಂದು ಬಿತ್ತು. ಹಿಂದಿನಿಂದ ಇರುವೆ ಸಾಲು ಇಳಿಯಿತು. ಕೆಲಸದ ಹೊತ್ತಿನಲ್ಲಿ ಕೊಟ್ಟರೆ ಐತಪ್ಪ ಮಜ್ಜಿಗೆ ಬಿಟ್ಟು ಬೇರೆ ಏನನ್ನೂ ತೆಗೆದುಕೊಳ್ಳುವವನಲ್ಲ. ಅದಕ್ಕೆ ಮದುವೆಯ ದಿನ ಆರತಿಗೆ ಹೋಗುವ ಮುಂಚೆ ದೊಡ್ಡಮ್ಮ ಅವನ ಮಕ್ಕಳಿಗೆಂದು ಹೋಳಿಗೆ ಕಟ್ಟಿ, ಅವನಿಗೆ ತಿಳಿಯದ ಹಾಗೆ ಚೀಲದೊಳಗೆ ತುರುಕಿದ್ದಳು. ವ್ರತ ಮಾಡಿ ಮಾಡಿ ಸೊರಗಿದ ಬೆರಳು ಅವಳದು, ಉಂಗುರ ಜಾರಿದ್ದು ತಿಳಿಯಲಿಲ್ಲ. ಒಣಗಿದ ಹೋಳಿಗೆಯ ನಡುವೆ ಕೆಂಪು ಹರಳು ಹೊಳೆಯಿತು. "ಇದನ್ನು ಹೊತ್ತುಕೊಂಡು ಇಷ್ಟು ದಿನ ಊರೆಲ್ಲ ಕಳ್ಳನನ್ನು ಹುಡುಕಿದೆ ದೊಡ್ಡಮ್ಮಾ," ಎಂದು ಐತಪ್ಪ ಕೈ ಮುಗಿದ. ದೊಡ್ಡಮ್ಮ ಉಂಗುರ ಮುಟ್ಟಲಿಲ್ಲ. "ಹೋಳಿಗೆ ಮಕ್ಕಳಿಗೆ ಸಿಗಲಿಲ್ಲವಲ್ಲ," ಎಂದು ಒಳಗೆ ಹೋಗಿ ಕಡಲೆಬೇಳೆ ಬೇಯಲು ಇಟ್ಟಳು. ಮುಗಿಯಿತು.

ಶಾಂತಮ್ಮ ಆ ಕೊನೆಯ ಮಾತನ್ನು ಬೆರಳಿಂದ ಮುಟ್ಟಿದರು. ಬೆರಳಿಗೆ ಸೀಮೆಸುಣ್ಣ ಹತ್ತಿತು.

"ಹಾಗಾದರೆ ಅವಳೂ ಸೋತಳು, ನಾನೂ ಸೋತೆ," ಎಂದರು. ದುಃಖದಿಂದಲ್ಲ, ಯಾವುದೋ ಭಾರ ಇಳಿಸಿದವರ ಹಾಗೆ. ಸ್ಫೂರ್ತಿಯ ಮೊಬೈಲು ಕಿತ್ತುಕೊಂಡು ಪುತ್ತೂರಿಗೆ ಫೋನು ಹಚ್ಚಿದರು. ಶಾರದಕ್ಕನಿಗೆ ಕಿವಿ ಮಂದ. "ಇರುವೆ! ಇರುವೆ ಅಕ್ಕಾ! ಹೋಳಿಗೆ!" ಎಂದು ಶಾಂತಮ್ಮ ಪಾರ್ಕಿನ ನಡುವೆ ನಿಂತು ಕೂಗಿದ ಕೂಗಿಗೆ ಗುಲಾಟಿಯವರ ಜಗಳವೂ ಒಂದು ಗಳಿಗೆ ನಿಂತಿತು. ಆ ಕಡೆಯಿಂದ ಅಕ್ಕ ಏನೋ ಹೇಳಿದರು. ಶಾಂತಮ್ಮ ಹೂಂ, ಹೂಂ ಎಂದರು, ಒಂದು ಸಲ ಬಾಳಿಗರ ಕಡೆ ನೋಡಿದರು, ಫೋನು ಇಟ್ಟರು. ಏನಂದರು ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ನಾಲ್ಕು ದಿನ ಬಿಟ್ಟು ಊರಿನ ರೈಲು ಹತ್ತಿದರು.

ಜೂನ್ ತಿಂಗಳಲ್ಲಿ ಜನಕಪುರಿಯ ಪೋಸ್ಟ್‌ಮ್ಯಾನ್ ಬಾಳಿಗರ ಮನೆಯ ಗಂಟೆ ಒತ್ತಿದ. ಪುತ್ತೂರಿನ ಪಾರ್ಸಲ್ಲು. ಬಟ್ಟೆ ಹೊಲಿದು ಅರಗು ಹಾಕಿದ್ದು. "ಶ್ರೀಮತಿ ಕೇತಕಿ ಕೌನ್ ಹೈ?" ಎಂದು ಕೇಳಿದ. ಅಂಥವರು ಯಾರೂ ಇಲ್ಲ ಎಂದು ವೈಜಯಂತಿ ಹೇಳುವಷ್ಟರಲ್ಲಿ, ಒಳಗಿಂದ ಬನಿಯನ್ನಿನಲ್ಲೇ ಓಡಿಬಂದ ಬಾಳಿಗರು, "ನಾನು, ನಾನು, ಮೈ ಹೂಂ," ಎಂದು ಸಹಿ ಹಾಕಿದರು. ಪೋಸ್ಟ್‌ಮ್ಯಾನ್ ಇನ್ನೂ ಆ ಮನೆಯ ಕಡೆ ಅನುಮಾನದಿಂದ ನೋಡುತ್ತಾನೆ.

ಒಳಗಿದ್ದದ್ದು ಬೆಳ್ಳಿಯ ಭರಣಿ, ತುಂಬ ಕುಂಕುಮ. ಇಬ್ಬರೂ ಸೋತ ಮೇಲೆ ಅದು ಗೆದ್ದವರಿಗೆ ಸೇರಬೇಕು ಎಂದು ಅಕ್ಕ ಶಾರದಾ ಅವತ್ತೇ ಫೋನಿನಲ್ಲಿ ತೀರ್ಪು ಕೊಟ್ಟಿದ್ದರು. ಅದನ್ನು ಬಾಳಿಗರೇ ನನಗೆ ಹೇಳಿದರು. "ಸಂಪಾದಕರು ಕಥೆಗೆ ಅಂತ ಏನೂ ಕೊಡ್ತಿರಲಿಲ್ಲ. ಜಾಗ ತುಂಬಿಸಿದ್ದಕ್ಕೆ ಯಾರು ಕೊಡ್ತಾರೆ? ಇದು ಕೇತಕಿಯ ಮೊದಲ ಸಂಭಾವನೆ," ಎಂದು ಪಂಚೆಯ ಅಂಚಿನಿಂದ ಕಣ್ಣು ಒರೆಸಿಕೊಂಡರು.

ಕುಂಕುಮವನ್ನು ದೇವರ ಮುಂದಿನ ಬಟ್ಟಲಿಗೆ ಸುರಿದು, ಭರಣಿಯಲ್ಲಿ ಈಗ ಅವರು ಸೀಮೆಸುಣ್ಣ ಇಡುತ್ತಾರೆ. ನಾನು ಕೊನೆಯ ಸಲ ಹೋದಾಗ ಬೆಳಗಿನ ಐದೂವರೆಗೆ ಅದೇ ಗಿಡ್ಡ ಕಾಲಿನ ಸ್ಟೂಲು, ಅದೇ ಒದ್ದೆ ಬಟ್ಟೆ. ಮುಚ್ಚಳ ತೆಗೆದು ಒಂದು ಸೀಮೆಸುಣ್ಣ ಹೆಕ್ಕಿ 'ಪಾನಿ' ಎಂದು ಬರೆದರು. ಭರಣಿಯ ಸಂದಿಯಲ್ಲಿ ಉಳಿದಿದ್ದ ಕುಂಕುಮ ತಾಗಿ ನೀರಿನ ಸುದ್ದಿ ನಸುಗೆಂಪಾಗಿ ಬಂತು. ಗುಲಾಟಿಯವರು ಈಗ ಚೀಟಿ ಕೇಳುವುದನ್ನೇ ಬಿಟ್ಟಿದ್ದಾರೆ, ಹಾಗಾಗಿ ಕಥೆಗೆ ಉಳಿದದ್ದು ಮೂರೇ ಸಾಲು. ಹೊಸ ಧಾರಾವಾಹಿ. ಶಾಂತಮ್ಮನವರಿಗಾಗಿ ಇದನ್ನು, ದಿಲ್ಲಿಯಲ್ಲೇ ಉಳಿದ ಸ್ಫೂರ್ತಿ ಮೊಬೈಲಿನಲ್ಲಿ ಫೋಟೋ ತೆಗೆದು, ವಾರಕ್ಕೊಮ್ಮೆ ಫೋನಿನಲ್ಲಿ ಕನ್ನಡಕ್ಕೆ ತಿರುಗಿಸಿ, ಅಜ್ಜಿಯರಿಬ್ಬರಿಗೂ ಹೇಳುತ್ತಾಳಂತೆ. ಕದ್ದದ್ದು ಯಾರೆಂದು ಆಗಲೇ ಪಂಥ ಕಟ್ಟಿಯಾಗಿದೆ.

"ಈ ಸಲವಾದರೂ ಕಳ್ಳ ಯಾರು ಅಂತ ಮೊದಲೇ ಗೊತ್ತಿದೆಯೇ ಬಾಳಿಗರೇ?" ಎಂದೆ.

ಅವರು ಸ್ಟೂಲಿನಿಂದ ಇಳಿದು, ಎರಡು ಹೆಜ್ಜೆ ಹಿಂದೆ ಸರಿದು, ಹಲಗೆಯನ್ನು ಕಣ್ಣಲ್ಲೇ ಅಳೆದರು.

"ನಾಳೆ ಎಷ್ಟು ಜಾಗ ಉಳಿತದೆ ನೋಡಿ ಹೇಳ್ತೇನೆ," ಎಂದರು. "ಆದರೆ ಒಂದು. ಇರುವೆ ಹೋದರೂ ಈಗ ನಾನು ನೋಡಿ ಬರೀತೇನೆ ಮಾರಾಯ್ತಿ. ಓದುವವರು ಇದ್ದಾರೆ."